ಪಂಪು ಆಮೇಲೆ, ಮೊದಲು ಗಾಳಿ ನೋಡಿ: ಬಾಟಲಿ ರಾಕೆಟ್ ನೇರ ಹಾರಿಸುವ ಬಗೆ

ಚಿತ್ರದುರ್ಗದ ಕಡೆ ಆಷಾಢ ಬಂತು ಅಂದ್ರೆ ಗಾಳಿಪಟದ ಕಾಲ. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಅಂಥ ಒಂದು ಸಂಜೆಯೇ ನಾವು ಮೊದಲ ಸಲ ನೀರಿನ ರಾಕೆಟ್ ಹಾರಿಸಿದ್ದು. ಒಂದೂವರೆ ಲೀಟರಿನ ಕೂಲ್‌ಡ್ರಿಂಕ್ ಬಾಟಲಿ, ರಬ್ಬರ್ ಬಿರಡೆ, ಸೈಕಲ್ ಪಂಪು, ಅಷ್ಟೇ. ಬಾಟಲಿಗೆ ಸ್ವಲ್ಪ ನೀರು ಹಾಕಿ, ಕತ್ತು ಕೆಳಗೆ ಮಾಡಿ ನಿಲ್ಲಿಸಿ, ಪಂಪಿನಿಂದ ಗಾಳಿ ತುಂಬಿ ಬಿಟ್ಟರೆ ನೀರು ಕೆಳಗೆ ಚಿಮ್ಮುತ್ತದೆ, ಬಾಟಲಿ ಮೇಲೆ ಹಾರುತ್ತದೆ. ಗಾಳಿ ಪಡುವಣದಿಂದ ಬೀಸುತ್ತಿತ್ತು. ಹಾಗಾದರೆ ರಾಕೆಟ್ ಮೂಡಣಕ್ಕೆ ತೇಲಿಹೋಗುತ್ತದೆ ಅಂತ ಲೆಕ್ಕ ಹಾಕಿ, ಮಕ್ಕಳನ್ನೆಲ್ಲ ಪಡುವಣದ ಕಡೆ ನಿಲ್ಲಿಸಿದೆವು. ರಾಕೆಟ್ ಎದ್ದಿತು. ಎರಡಾಳು ಎತ್ತರ ಹೋಗುವಷ್ಟರಲ್ಲಿ ಗಾಳಿ ಬರುವ ದಿಕ್ಕಿಗೇ ಮೂತಿ ತಿರುಗಿಸಿತು. ಮಕ್ಕಳ ತಲೆಯ ಮೇಲೆ ಹಾದು ಹಿಂದಿನ ಜಾಲಿ ಬೇಲಿಗೆ ಹೋಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಾಳಿಗೆ ಎದುರಾಗಿ ಯಾಕೆ ಹೋಯಿತು? ಇದು ಅರ್ಥವಾಗದೆ ಮಕ್ಕಳ ಕೈಗೆ ಪಂಪು ಕೊಡಬಾರದು ಅನ್ನಿಸಿತು. ಆಮೇಲೆ ಓದಿ, ಹಾರಿಸಿ, ಕೆಡಿಸಿ, ಮತ್ತೆ ಹಾರಿಸಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮನೆಯಲ್ಲೋ ಶಾಲೆಯಲ್ಲೋ ಬಾಟಲಿ ರಾಕೆಟ್ ಮಾಡುವ ಯಾರಿಗಾದರೂ ಇದು ಬೇಕಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಾಕೆಟ್ ಸರಿಯಾಗಿ ಹಾರದಿದ್ದರೆ ಎಲ್ಲರೂ ಮಾಡುವ ಕೆಲಸ ಇನ್ನೂ ನಾಲ್ಕು ಪಂಪು ಜಾಸ್ತಿ ಹೊಡೆಯುವುದು. ಅದು ಉತ್ತರ ಅಲ್ಲ. ಹತ್ತರಲ್ಲಿ ಎಂಟು ಸಲ ತೊಂದರೆ ಇರುವುದು ರೆಕ್ಕೆಯಲ್ಲಿ, ಮೂತಿಯ ಭಾರದಲ್ಲಿ, ಇಲ್ಲವೇ ನೀವು ಆರಿಸಿಕೊಂಡ ಹೊತ್ತಿನಲ್ಲಿ.

ಗಾಳಿಯ ಎರಡು ಕೆಲಸ

ಕನ್ನಡದಲ್ಲಿ ಎರಡಕ್ಕೂ ಗಾಳಿ ಅಂತಲೇ ಅನ್ನುತ್ತೇವೆ. ಸುಮ್ಮನೆ ನಿಂತ ಗಾಳಿಯೂ ಗಾಳಿಯೇ, ಬೀಸುವ ಗಾಳಿಯೂ ಗಾಳಿಯೇ. ರಾಕೆಟ್ ವಿಷಯಕ್ಕೆ ಬಂದಾಗ ಇವೆರಡನ್ನೂ ಬೇರೆ ಇಟ್ಟುಕೊಳ್ಳಬೇಕು. ನಿಂತ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಆಗುವುದು ಗಾಳಿ ತಡೆ. ಅಡ್ಡ ಬಂದು ರಾಕೆಟ್ಟಿನ ದಾರಿ ತಪ್ಪಿಸುವುದು ಬೀಸುಗಾಳಿ.

ತಡೆ ಎಷ್ಟಿರುತ್ತದೆ? ಬೈಕಿನ ಹಿಂದೆ ಕೂತು ಅಂಗೈಯನ್ನು ಎದುರಿಗೆ ಹಿಡಿದರೆ ಗೊತ್ತಾಗುತ್ತದೆ. ವೇಗ ಎರಡು ಪಟ್ಟಾದರೆ ಕೈಮೇಲಿನ ಒತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂಗೈಯನ್ನು ನೆಲದ ಕಡೆ ಮಲಗಿಸಿದರೆ ಒತ್ತು ತಟ್ಟನೆ ಇಳಿಯುತ್ತದೆ. ಅಂದರೆ ತಡೆಯನ್ನು ತೀರ್ಮಾನಿಸುವುದು ನಾಲ್ಕು ಸಂಗತಿ: ಗಾಳಿಯ ಸಾಂದ್ರತೆ, ವೇಗ, ಎದುರಿಗೆ ಕಾಣುವ ಅಗಲ, ಆಕಾರ. ಇವುಗಳಲ್ಲಿ ವೇಗದ್ದೇ ದೊಡ್ಡ ಪಾಲು.

ಒಂದು ಲೆಕ್ಕ ನೋಡೋಣ. 9 ಸೆಂ.ಮೀ. ಅಡ್ಡಳತೆಯ ಬಾಟಲಿ, ದುಂಡು ಮೂತಿ, ಓರಣವಾಗಿ ಮಾಡಿದ ರೆಕ್ಕೆ, ನೀರು ಖಾಲಿಯಾದ ಮೇಲೆ 120 ಗ್ರಾಂ ತೂಕ. ಇದು ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿ ಹಿಂದಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ ಅದರ ಸ್ವಂತ ತೂಕದಷ್ಟೇ ಆಗುತ್ತದೆ. ಭೂಮಿ ಒಂದು ಸಲ ಎಳೆಯುತ್ತಿದೆ, ಗಾಳಿ ಇನ್ನೊಂದು ಸಲ ಅಷ್ಟೇ ಎಳೆಯುತ್ತಿದೆ. 45 ಕಿ.ಮೀ.ಗೆ ಇಳಿದರೆ ಗಾಳಿಯ ಎಳೆತ ಕಾಲು ಭಾಗ ಮಾತ್ರ. ಅದೇ 144 ಕಿ.ಮೀ. ವೇಗದಲ್ಲಿ ಹೊರಟರೆ ಎರಡೂವರೆ ಪಟ್ಟು.

ಎತ್ತರಕ್ಕೆ ಇದು ಏನು ಮಾಡುತ್ತದೆ? ನೀರು ಮುಗಿದ ಹೊತ್ತಿಗೆ 90 ಕಿ.ಮೀ. ವೇಗ ಇದ್ದರೆ, ಗಾಳಿಯೇ ಇಲ್ಲದ ಕಡೆ ಅದು ಅಲ್ಲಿಂದ ಮೇಲೆ 32 ಮೀಟರ್ ಏರಬೇಕು. ನಮ್ಮ ಗಾಳಿಯಲ್ಲಿ ಸುಮಾರು 22 ಮೀಟರ್. 144 ಕಿ.ಮೀ. ವೇಗ ಇದ್ದರೆ 82 ಮೀಟರ್ ಏರಬೇಕಾದದ್ದು 40 ಮೀಟರಿಗೇ ನಿಲ್ಲುತ್ತದೆ. ಅರ್ಧಕ್ಕರ್ಧ ಹೋಯಿತು! ಅದಕ್ಕೇ ನಾನು ಪಂಪು ಜಾಸ್ತಿ ಹೊಡೆಯಬೇಡಿ ಅನ್ನುವುದು. ವೇಗ ಹೆಚ್ಚಿದಷ್ಟೂ ಗಾಳಿ ತಿನ್ನುವ ಪಾಲು ಇನ್ನೂ ಜೋರಾಗಿ ಹೆಚ್ಚುತ್ತದೆ, ಬಾಟಲಿ ಒಡೆಯುವ ಅಪಾಯ ಬೇರೆ.

ಆದರೆ ಇದೇ ಗಾಳಿಯನ್ನು ಸುಮ್ನೆ ಬೈಯುವ ಹಾಗಿಲ್ಲ. ರಾಕೆಟ್ಟನ್ನು ನೇರ ಹಿಡಿಯುವುದೂ ಅದೇ. ರೆಕ್ಕೆ ಕೆಲಸ ಮಾಡುವುದು ಗಾಳಿ ಇರುವುದರಿಂದ. ಗಾಳಿಪಟಕ್ಕೆ ಬಾಲಂಗೋಚಿ ಯಾಕೆ ಕಟ್ಟುತ್ತೇವೆ? ಅದಿಲ್ಲದಿದ್ದರೆ ಪಟ ಗಿರಗಿರ ಸುತ್ತಿ ನೆಲ ಕಚ್ಚುತ್ತದೆ. ಹಿಂದೆ ಸ್ವಲ್ಪ ತಡೆ ಇದ್ದರೇನೇ ಮುಂದೆ ನೇರ ಹೋಗಲು ಸಾಧ್ಯ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳಲ್ಲಿ ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದದ್ದೂ ಇದಕ್ಕೇ. ಅದು ಆ ರಾಕೆಟ್ಟಿನ ಬಾಲಂಗೋಚಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೇ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಹೂಳಿನಲ್ಲಿ ಉಳಿದು ಬಂದದ್ದು ಕಬ್ಬಿಣ ಮಾತ್ರ. ಬಿದಿರು ಇಲ್ಲದೆ ಆ ಕೊಳವೆಯೊಂದೇ ನೇರ ಹಾರುತ್ತಿರಲಿಲ್ಲ.

ಹೆಜ್ಜೆ 1: ಬಾಟಲಿ, ಮತ್ತು ದೂರ ನಿಲ್ಲುವುದು

ಸೋಡಾ ತರಹದ ಗ್ಯಾಸ್ ತುಂಬಿದ ಪಾನೀಯದ ಪ್ಲಾಸ್ಟಿಕ್ ಬಾಟಲಿ ಮಾತ್ರ ಬಳಸಿ. ಬರೀ ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಅದು ಒತ್ತಡ ತಡೆಯುವುದಿಲ್ಲ. ಗೀರು ಬಿದ್ದ, ಮಡಚಿದ ಗುರುತಿರುವ ಬಾಟಲಿ ಬೇಡವೇ ಬೇಡ. ಮೂರನೇ ಒಂದು ಪಾಲು ನೀರು ಹಾಕಿ. ಮೀಟರ್ ಇರುವ ಪಂಪು ತಗೊಳ್ಳಿ, 60 ಪಿಎಸ್‌ಐ (ಮೀಟರಿನಲ್ಲಿ ಕಾಣುವ ಒತ್ತಡದ ಅಳತೆ) ದಾಟಬೇಡಿ. ಎಳೆದು ರಾಕೆಟ್ಟನ್ನು ಸ್ಟ್ಯಾಂಡಿನಿಂದ ಬಿಡಿಸುವ ದಾರ ಉದ್ದ ಇರಲಿ, ಪಂಪಿನ ಪೈಪೂ ಉದ್ದ ಇರಲಿ. ಎಲ್ಲರೂ ಕನಿಷ್ಠ 10 ಮೀಟರ್ ದೂರ ನಿಲ್ಲಬೇಕು, ಪಂಪು ಹೊಡೆಯುವವರು ಕನ್ನಡಕ ಹಾಕಿಕೊಂಡಿರಬೇಕು. ಬಿಡದೇ ನಿಂತುಹೋದ ರಾಕೆಟ್ ಮೇಲೆ ಬಗ್ಗಿ ಏನಾಯ್ತು ಅಂತ ನೋಡುವ ಅಭ್ಯಾಸ ಯಾರಿಗೂ ಬೇಡ. ದೂರದಿಂದಲೇ ಗಾಳಿ ಇಳಿಸಿ, ಆಮೇಲೆ ಹತ್ತಿರ ಹೋಗಿ. ಮೂತಿಗೆ ಲೋಹದ ಯಾವ ವಸ್ತುವನ್ನೂ ಹಾಕಬೇಡಿ.

ಹೆಜ್ಜೆ 2: ಎರಡು ನಡುಗಳನ್ನು ಹುಡುಕಿ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೆ. ನೀವೂ ಕೊಡಿ.

ರಾಕೆಟ್ಟಿಗೆ ಎರಡು ನಡು ಇರುತ್ತವೆ. ಒಂದು ಭಾರದ ನಡು. ಪಠ್ಯಪುಸ್ತಕದಲ್ಲಿ ಗುರುತ್ವ ಕೇಂದ್ರ ಅಂತ ಓದಿರುತ್ತೀರಿ. ಇನ್ನೊಂದು ಗಾಳಿಯ ನಡು, ಅಂದರೆ ಗಾಳಿ ಪಕ್ಕದಿಂದ ತಳ್ಳಿದಾಗ ಆ ತಳ್ಳುವಿಕೆಯೆಲ್ಲ ಒಟ್ಟಾಗಿ ಎಲ್ಲಿ ಬಿದ್ದಂತೆ ಲೆಕ್ಕವೋ ಆ ಜಾಗ. ನಿಯಮ ಒಂದೇ: ಭಾರದ ನಡು ಮುಂದೆ, ಮೂತಿಯ ಕಡೆ ಇರಬೇಕು. ಗಾಳಿಯ ನಡು ಹಿಂದೆ, ಬಾಲದ ಕಡೆ ಇರಬೇಕು. ಹಾಗಿದ್ದರೆ ಮೂತಿ ಸ್ವಲ್ಪ ಓರೆಯಾದ ಕೂಡಲೇ ಗಾಳಿ ಬಾಲವನ್ನು ತಳ್ಳಿ ಮತ್ತೆ ಸರಿ ಮಾಡುತ್ತದೆ. ತಿರುಗುಮುರುಗಾಗಿದ್ದರೆ ಅದೇ ಗಾಳಿ ಮೂತಿಯನ್ನು ಇನ್ನೂ ಓರೆ ಮಾಡಿ ರಾಕೆಟ್ಟನ್ನು ಪಲ್ಟಿ ಹೊಡೆಸುತ್ತದೆ.

ಭಾರದ ನಡು ಹುಡುಕುವುದು ಸುಲಭ. ರೆಕ್ಕೆ, ಮೂತಿ, ಟೇಪು ಎಲ್ಲ ಹಚ್ಚಿ ಮುಗಿಸಿದ ರಾಕೆಟ್ಟಿಗೆ ನೀರು ಹಾಕದೆ ಸೊಂಟಕ್ಕೆ ದಾರದ ಕುಣಿಕೆ ಹಾಕಿ ತೂಗಿಬಿಡಿ. ನೆಲಕ್ಕೆ ಸಮವಾಗಿ ನಿಲ್ಲುವ ತನಕ ಕುಣಿಕೆ ಸರಿಸಿ. ನಿಂತ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿ. ಖಾಲಿ ಬಾಟಲಿಯಲ್ಲೇ ಯಾಕೆ? ನೀರು ಒಂದು ಸೆಕೆಂಡಿಗಿಂತ ಬೇಗ ಹೊರಗೆ ಹೋಗಿಬಿಡುತ್ತದೆ, ಉಳಿದ ಹಾರಾಟವೆಲ್ಲ ಖಾಲಿ ಬಾಟಲಿಯದ್ದೇ.

ಗಾಳಿಯ ನಡುವಿಗೆ ರಟ್ಟು ಬೇಕು. ರಾಕೆಟ್ಟನ್ನು ರಟ್ಟಿನ ಮೇಲೆ ಮಲಗಿಸಿ, ಪಕ್ಕದ ಆಕಾರವನ್ನು ರೆಕ್ಕೆ ಸಮೇತ ಗೆರೆ ಎಳೆದು ಕತ್ತರಿಸಿ. ಆ ರಟ್ಟಿನ ರಾಕೆಟ್ಟನ್ನು ಸ್ಕೇಲಿನ ಅಂಚಿನ ಮೇಲೆ ಅಡ್ಡ ಇಟ್ಟು ಎಲ್ಲಿ ಸಮತೂಕ ನಿಲ್ಲುತ್ತದೋ ನೋಡಿ. ಅದು ಗಾಳಿಯ ನಡು ಅಂತ ಇಟ್ಟುಕೊಳ್ಳಿ. ನಿಜವಾದ ಗಾಳಿಯ ನಡು ಸಾಮಾನ್ಯವಾಗಿ ಇದಕ್ಕಿಂತ ಇನ್ನೂ ಹಿಂದೆಯೇ ಇರುತ್ತದೆ. ಹಾಗಾಗಿ ಈ ಅಳತೆ ನಂಬಿದರೆ ಮೋಸ ಹೋಗುವುದಿಲ್ಲ.

ಎರಡು ಗೆರೆಗಳ ನಡುವೆ ಬಾಟಲಿಯ ಒಂದು ಅಡ್ಡಳತೆಯಷ್ಟು, ಅಂದರೆ 9 ಸೆಂ.ಮೀ. ಆದರೂ ಅಂತರ ಇರಬೇಕು. ಕಡಿಮೆ ಬಂದರೆ ರೆಕ್ಕೆ ದೊಡ್ಡದು ಮಾಡಲು ಹೋಗಬೇಡಿ, ಮೊದಲು ಮೂತಿಯೊಳಗೆ 30–40 ಗ್ರಾಂ ಜೇಡಿಮಣ್ಣು ಒತ್ತಿ ಮತ್ತೆ ತೂಗಿ. ಹಾಗಂತ ಅಂತರ ಬಾಟಲಿಯ ಎರಡು ಅಡ್ಡಳತೆ ದಾಟಿ ಮೂರು ನಾಲ್ಕಕ್ಕೆ ಹೋದರೂ ಒಳ್ಳೇದಲ್ಲ. ನಮ್ಮ ಮೊದಲ ರಾಕೆಟ್ ಗಾಳಿಗೆ ತಿರುಗಿಕೊಂಡದ್ದು ಅದರಿಂದಲೇ. ಚೆಂದ ಕಾಣಲಿ ಅಂತ ದೊಡ್ಡ ದೊಡ್ಡ ರೆಕ್ಕೆ ಅಂಟಿಸಿದ್ದೆವು.

ಹೆಜ್ಜೆ 3: ಸುತ್ತಿಸಿ ನೋಡಿ

ಭಾರದ ನಡುವಿನ ಗೆರೆಗೇ ಎರಡು ಮೀಟರ್ ಗಟ್ಟಿ ದಾರ ಕಟ್ಟಿ, ಜಾರದಂತೆ ಟೇಪು ಸುತ್ತಿ. ಬಯಲಿನಲ್ಲಿ ನಿಂತು ತಲೆಯ ಮೇಲೆ ಕವಣೆ ಬೀಸಿದ ಹಾಗೆ ಸುತ್ತಿ. ಮೂತಿ ಮುಂದೆ ಮಾಡಿಕೊಂಡು ಸುತ್ತಿದರೆ ರಾಕೆಟ್ ಹಾರಲು ಸಿದ್ಧ. ಅಡ್ಡಡ್ಡ ಬಂದರೆ, ಇಲ್ಲವೇ ಬಾಲ ಮುಂದೆ ಮಾಡಿದರೆ ಹಿಂದಿನ ಹೆಜ್ಜೆಗೆ ವಾಪಸ್ ಹೋಗಿ. ಮಕ್ಕಳಿಗೆ ಈ ಪರೀಕ್ಷೆ ಬಲು ಇಷ್ಟ. ಹಾರಿಸುವುದಕ್ಕಿಂತ ಇದನ್ನೇ ಜಾಸ್ತಿ ಹೊತ್ತು ಮಾಡುತ್ತಾರೆ, ಮಾಡಲಿ ಬಿಡಿ.

ಹೆಜ್ಜೆ 4: ತಡೆ ಕಡಿಮೆ ಮಾಡಿ

ರಾಕೆಟ್ ನೇರ ಹೋಗುವುದು ಖಾತ್ರಿಯಾದ ಮೇಲೆಯೇ ಈ ಕೆಲಸ. ಎಲ್ಲರೂ ಉಲ್ಟಾ ಮಾಡುತ್ತಾರೆ. ಮೊದಲು ಮೂತಿ ಚೂಪು ಮಾಡುತ್ತಾರೆ, ರೆಕ್ಕೆಯ ವಿಷಯಕ್ಕೆ ಕೊನೆಯಲ್ಲಿ ಬರುತ್ತಾರೆ.

ಮೂತಿ ಚೂಪಾಗಬೇಕಿಲ್ಲ. ಸೂಜಿಮೊನೆಯ ಮೂತಿ ಲಾಭ ತರುವುದು ಶಬ್ದದ ವೇಗ ದಾಟುವ ರಾಕೆಟ್ಟಿಗೆ. ನಮ್ಮ ವೇಗಕ್ಕೆ ಕೋಳಿಮೊಟ್ಟೆಯ ತುದಿಯಂಥ ದುಂಡು ಮೂತಿಯೇ ಒಳ್ಳೆಯದು. ಯಾರಿಗಾದರೂ ಬಡಿದರೂ ಗಾಯ ಕಡಿಮೆ. ಇನ್ನೊಂದು ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದರ ಕತ್ತನ್ನು ತೆಗೆದುಹಾಕಿ, ಆ ತೂತಿಗೆ ಅರ್ಧ ಪ್ಲಾಸ್ಟಿಕ್ ಚೆಂಡು ಕೂರಿಸಿ ಟೇಪು ಸುತ್ತಿದರೆ ಮೂತಿ ಸಿದ್ಧ. ಜೇಡಿಮಣ್ಣು ಅದರೊಳಗೆ. ಬಾಟಲಿಯ ಬರೀ ಬುಡವನ್ನೇ ಮೂತಿಯಾಗಿ ಬಿಟ್ಟರೆ ಗಾಳಿ ಆ ಗುಳಿಗಳಿಗೆಲ್ಲ ಸಿಕ್ಕಿಕೊಂಡು ತಡೆ ತುಂಬಾ ಏರುತ್ತದೆ.

ರೆಕ್ಕೆಗೆ ಸನ್‌ಪ್ಯಾಕ್ ಶೀಟ್ ಚೆನ್ನ. ಅದೇ, ಅಂಗಡಿ ಬೋರ್ಡು ಮಾಡುವ ಪೊಳ್ಳು ಪ್ಲಾಸ್ಟಿಕ್ ಹಾಳೆ. ಹಗುರ, ನೆನೆಯುವುದಿಲ್ಲ, ಗಟ್ಟಿ. ಮೂರು ಅಥವಾ ನಾಲ್ಕು ರೆಕ್ಕೆ ಸಾಕು. ಬಾಟಲಿಯ ಕತ್ತಿನ ಕಡೆ, ಎಷ್ಟು ಕೆಳಗೆ ಸಾಧ್ಯವೋ ಅಷ್ಟು ಕೆಳಗೆ ಇರಲಿ. ಕೆಳಗೆ ಹೋದಷ್ಟೂ ಸಣ್ಣ ರೆಕ್ಕೆಯೇ ಸಾಕಾಗುತ್ತದೆ, ರೆಕ್ಕೆ ಸಣ್ಣದಾದಷ್ಟೂ ತಡೆ ಕಡಿಮೆ. ಮುಂದಿನ ಅಂಚಿನ ಪೊಳ್ಳು ತೂತುಗಳನ್ನು ಟೇಪಿನಿಂದ ಮುಚ್ಚಿ, ಇಲ್ಲದಿದ್ದರೆ ಒಂದೊಂದು ತೂತೂ ಗಾಳಿ ಹಿಡಿಯುತ್ತದೆ. ಹಿಂದಿನ ಅಂಚನ್ನು ಒತ್ತಿ ತೆಳು ಮಾಡಿ.

ಅಂಟಿಸುವಾಗ ಒಂದು ಎಚ್ಚರಿಕೆ. ಗ್ಲೂ ಗನ್ನಿನ ಬಿಸಿಗೆ ಬಾಟಲಿ ಮೆತ್ತಗಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಎರಡೂ ಕಡೆ ಅಂಟುವ ಟೇಪು ಹಾಕಿ, ಮೇಲೆ ಅಗಲ ಟೇಪು ಎಳೆಯಿರಿ. ರೆಕ್ಕೆ ನೆಟ್ಟಗೆ ಕೂತಿದೆಯೇ ಅಂತ ಕಣ್ಣಿನಿಂದ ನೋಡಬೇಡಿ. ಬಾಟಲಿಯ ಸುತ್ತ ಕಾಗದದ ಪಟ್ಟಿ ಸುತ್ತಿ, ಬಿಚ್ಚಿ, ಪಟ್ಟಿಯನ್ನು ಮೂರೋ ನಾಲ್ಕೋ ಸಮ ಭಾಗ ಮಡಚಿ ಗುರುತು ಹಾಕಿ, ಮತ್ತೆ ಬಾಟಲಿಗೆ ಸುತ್ತಿ ಆ ಗುರುತಿಗೇ ರೆಕ್ಕೆ ಇಡಿ. ಒಂದು ರೆಕ್ಕೆ ಸೊಟ್ಟ ಕೂತರೆ ರಾಕೆಟ್ ಬುಗುರಿಯಂತೆ ಸುತ್ತುತ್ತಾ ಹೋಗುತ್ತದೆ. ಸ್ವಲ್ಪ ಸುತ್ತಿದರೆ ಕೆಟ್ಟದ್ದಲ್ಲ, ಸಣ್ಣಪುಟ್ಟ ಓರೆಕೋರೆ ಸರಿಹೋಗುತ್ತದೆ. ಜಾಸ್ತಿ ಸುತ್ತಿದರೆ ಮೇಲೇರಬೇಕಾದ ಶಕ್ತಿಯೆಲ್ಲ ಸುತ್ತುವುದಕ್ಕೇ ಖರ್ಚು.

ಲೇಬಲ್ ಕಿತ್ತು, ಅದರ ಅಂಟನ್ನು ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ತೆಗೆಯಿರಿ. ಟೇಪು ಹಚ್ಚುವ ಮುಂಚೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಎಣ್ಣೆ ಉಳಿದರೆ ಟೇಪು ಹಿಡಿಯುವುದಿಲ್ಲ.

ಹೆಜ್ಜೆ 5: ತೂಕ ಎಷ್ಟಿರಬೇಕು?

ಹಗುರ ಮಾಡಿದಷ್ಟೂ ಎತ್ತರ ಹೋಗುತ್ತದೆ ಅನ್ನುವುದು ನಮ್ಮೆಲ್ಲರ ನಂಬಿಕೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರು ಒಂದು ಕ್ಷಣ ಯೋಚಿಸಿ. ಮೊರದಿಂದ ಒಟ್ಟಿಗೇ ಬೀಳುತ್ತವೆ, ಗಾಳಿಯೂ ಒಂದೇ. ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ಹಾರಿ ದೂರ ಹೋಗುತ್ತದೆ. ತೂಕ ಕಡಿಮೆ ಇದ್ದು ಮೈ ಅಗಲ ಇರುವುದು ಗಾಳಿಯ ಮಾತು ಕೇಳುತ್ತದೆ. ತೂಕ ಇರುವುದು ತನ್ನ ದಾರಿ ಹಿಡಿಯುತ್ತದೆ.

ಬಾಟಲಿಗೂ ಇದೇ. ಮೇಲೆ ಹೇಳಿದ ಅದೇ ಆಕಾರದ ರಾಕೆಟ್, ಅದೇ 144 ಕಿ.ಮೀ. ವೇಗ ಅಂತ ಇಟ್ಟುಕೊಂಡರೆ, 60 ಗ್ರಾಂ ತೂಕದ್ದು ಅಲ್ಲಿಂದ ಸುಮಾರು 29 ಮೀಟರ್ ಏರುತ್ತದೆ. 120 ಗ್ರಾಂನದು 40 ಮೀಟರ್. 240 ಗ್ರಾಂನದು 52 ಮೀಟರ್. ಆದರೆ ಭಾರದ ರಾಕೆಟ್ಟಿಗೆ ಅಷ್ಟೇ ಗಾಳಿ, ಅಷ್ಟೇ ನೀರಿನಲ್ಲಿ ಆ ವೇಗ ಸಿಗುವುದೇ ಇಲ್ಲ ಅನ್ನುವುದು ಇನ್ನೊಂದು ಕಡೆ. ಎರಡರ ನಡುವೆ ಎಲ್ಲೋ ನಿಮ್ಮ ರಾಕೆಟ್ಟಿಗೆ ಸರಿಯಾದ ತೂಕ ಇರುತ್ತದೆ. ಅದನ್ನು ಲೆಕ್ಕ ಹಾಕಿ ಹುಡುಕುವುದಕ್ಕಿಂತ ಹಾರಿಸಿ ಹುಡುಕುವುದು ಸುಲಭ: ಮೂತಿಯ ಜೇಡಿಮಣ್ಣನ್ನು 10 ಗ್ರಾಂ, 10 ಗ್ರಾಂ ಏರಿಸುತ್ತಾ ಹೋಗಿ, ಎತ್ತರ ಇಳಿಯಲು ಶುರುವಾದಾಗ ಒಂದು ಹೆಜ್ಜೆ ಹಿಂದೆ ಬನ್ನಿ. ಮೂತಿಗೆ ಹಾಕಿದ ಭಾರ ಭಾರದ ನಡುವನ್ನೂ ಮುಂದೆ ತರುತ್ತದೆ, ಒಂದೇ ಕಲ್ಲಿಗೆ ಎರಡು ಹಣ್ಣು.

ಹೆಜ್ಜೆ 6: ಬೀಸುಗಾಳಿಯನ್ನು ಓದಿ

ಯಂತ್ರ ಬೇಡ, ಮರ ಸಾಕು. ಮುಖಕ್ಕೆ ತಂಪು ತಾಗುತ್ತಿದೆ, ಎಲೆ ಸರಸರ ಅನ್ನುತ್ತಿದೆ ಅಂದರೆ ಗಂಟೆಗೆ 6ರಿಂದ 11 ಕಿ.ಮೀ. ಗಾಳಿ. ಹಾರಿಸಬಹುದು. ಎಲೆ, ಸಣ್ಣ ಕಡ್ಡಿಗಳು ಬಿಡದೆ ಅಲ್ಲಾಡುತ್ತಿವೆ, ಬಾವುಟ ಬಿಚ್ಚಿಕೊಂಡಿದೆ ಅಂದರೆ 12ರಿಂದ 19. ಅನುಭವ ಇದ್ದರೆ ಮಾತ್ರ ಹಾರಿಸಿ. ಧೂಳು ಏಳುತ್ತಿದೆ, ಕಾಗದದ ಚೂರು ಹಾರುತ್ತಿದೆ ಅಂದರೆ 20 ದಾಟಿತು, ಅವತ್ತು ಗಾಳಿಪಟ ಹಾರಿಸಿ. ಅಮೆರಿಕದ ಮಾದರಿ ರಾಕೆಟ್ ಹವ್ಯಾಸಿಗಳ ನಿಯಮದಲ್ಲಿ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ. ತನಕ ಹಾರಿಸಬಹುದು ಅಂತಿದೆ. ಅದು ಮದ್ದಿನ ಮೋಟಾರು ಇರುವ ರಾಕೆಟ್ಟಿಗೆ ಹೇಳಿದ್ದು. ಅಗಲ ಮೈಯ, ಹಗುರ ಬಾಟಲಿಗೆ ಅದು ತೀರಾ ಜಾಸ್ತಿ. ನನ್ನ ಮಿತಿ 15 ಕಿ.ಮೀ.

ಹೊತ್ತು ಮುಖ್ಯ. ಬೆಳಗ್ಗೆ ಆರೂವರೆಯಿಂದ ಎಂಟೂವರೆ ಒಳ್ಳೆಯ ಸಮಯ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ಎದ್ದು ಬೀಸಲು ಶುರುವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಯಲಿನಲ್ಲಿ ಸುಂಟರಗಾಳಿಯೂ ಏಳಬಹುದು.

ಎರಡಾಳೆತ್ತರದ ಕೋಲಿನ ತುದಿಗೆ ತೆಳು ರಿಬ್ಬನ್ ಕಟ್ಟಿ ನೆಡಿ. ಐದು ನಿಮಿಷ ಸುಮ್ಮನೆ ಕೂತು ನೋಡಿ, ನಿಜವಾಗಲೂ ಐದು ನಿಮಿಷ. ಗಾಳಿ ಒಂದೇ ಸಮ ಬೀಸುವುದಿಲ್ಲ. ರಿಬ್ಬನ್ ಎದ್ದು ಪಟಪಟ ಅನ್ನುತ್ತದೆ, ಹಾಗೇ ಜೋತು ಬೀಳುತ್ತದೆ, ಮತ್ತೆ ಏಳುತ್ತದೆ. ಈ ಏರಿಳಿತಕ್ಕೆ ಒಂದು ಲಯ ಇರುತ್ತದೆ. ಪಂಪು ಹೊಡೆದು ಇಟ್ಟುಕೊಂಡು, ರಿಬ್ಬನ್ ಜೋತುಬಿದ್ದ ಗಳಿಗೆಯಲ್ಲಿ ದಾರ ಎಳೆಯಿರಿ. ನಮ್ಮಲ್ಲಿ ಒಬ್ಬ ಹುಡುಗನಿಗೆ ಇದೊಂದೇ ಕೆಲಸ, ರಿಬ್ಬನ್ ನೋಡಿ "ಈಗ" ಅನ್ನುವುದು. ಅವನು ಹೇಳುವ ತನಕ ಯಾರೂ ದಾರ ಮುಟ್ಟುವುದಿಲ್ಲ.

ಇನ್ನೊಂದು ವಿಷಯ, ನೆಲದ ಹತ್ತಿರ ಇರುವಷ್ಟೇ ಗಾಳಿ ಮೇಲೂ ಇದೆ ಅಂದುಕೊಳ್ಳಬೇಡಿ. ಗಿಡ, ಮನೆ, ಬೇಲಿ ತಡೆಯುವುದರಿಂದ ಕೆಳಗೆ ಕಡಿಮೆ. ಮರದ ತುದಿ ದಾಟಿದ ಮೇಲೆ ಜಾಸ್ತಿ.

ಗಾಳಿಗೆ ಎದುರು ಯಾಕೆ ತಿರುಗುತ್ತದೆ?

ಈಗ ಆ ಜಾಲಿ ಬೇಲಿಯ ಪ್ರಶ್ನೆಗೆ ಬರೋಣ. ಮಳೆಯಲ್ಲಿ ನಿಂತಿದ್ದರೆ ಹನಿ ನೆತ್ತಿಗೆ ಬೀಳುತ್ತದೆ. ಬೈಕ್ ಓಡಿಸಿದರೆ ಅದೇ ಹನಿ ಮುಖಕ್ಕೆ ಬಡಿಯುತ್ತದೆ. ಮಳೆ ಬದಲಾಗಲಿಲ್ಲ, ನಿಮ್ಮ ವೇಗ ಅದಕ್ಕೆ ಸೇರಿಕೊಂಡಿತು. ಮೇಲೆ ಹೋಗುವ ರಾಕೆಟ್ಟಿಗೂ ಗಾಳಿ ಮೂತಿಯ ನೇರದಿಂದ ಬರುತ್ತಿರುತ್ತದೆ. ಪಡುವಣದ ಬೀಸುಗಾಳಿ ಅದಕ್ಕೆ ಸೇರಿದಾಗ, ಗಾಳಿ ನೇರ ಮೇಲಿನಿಂದಲ್ಲ, ಸ್ವಲ್ಪ ಪಡುವಣದ ಕಡೆಯಿಂದ ಓರೆಯಾಗಿ ಬಂದಂತೆ ಆಗುತ್ತದೆ. ರೆಕ್ಕೆಯ ಕೆಲಸವೇ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುವುದು ಅಲ್ವಾ? ಅದು ತನ್ನ ಕೆಲಸ ಮಾಡಿತು. ಆ ಹೊತ್ತಿಗೆ ಹಿಂದಿನಿಂದ ನೀರು ಇನ್ನೂ ಚಿಮ್ಮುತ್ತಿದ್ದರೆ, ರಾಕೆಟ್ ಆ ಹೊಸ ದಿಕ್ಕಿಗೇ ನುಗ್ಗುತ್ತದೆ. ತುಸು ರೆಕ್ಕೆ ಇದ್ದರೆ ತುಸು ತಿರುಗುತ್ತದೆ, ಅತಿಯಾದ ರೆಕ್ಕೆ ಇದ್ದರೆ ತಟ್ಟನೆ ತಿರುಗಿಬಿಡುತ್ತದೆ.

ಓರೆ ಎಷ್ಟು ಅನ್ನುವುದು ಸ್ಟ್ಯಾಂಡಿನಿಂದ ಬಿಡುವಾಗಿನ ವೇಗದ ಮೇಲೆ ನಿಂತಿದೆ. ಬೀಸುಗಾಳಿ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿ.ಮೀ. ಇದ್ದು, ರಾಕೆಟ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸ್ಟ್ಯಾಂಡ್ ಬಿಟ್ಟರೆ ಗಾಳಿ 27 ಡಿಗ್ರಿ ಓರೆಯಿಂದ ಬರುತ್ತದೆ. 20 ಮೀಟರ್ ವೇಗ ಇದ್ದರೆ 14 ಡಿಗ್ರಿ ಮಾತ್ರ.

ಹೆಜ್ಜೆ 7: ಸ್ಟ್ಯಾಂಡು ಮತ್ತು ಓರೆ

ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ. ರಾಕೆಟ್ ಸಾಕಷ್ಟು ವೇಗ ಹಿಡಿಯುವ ತನಕ ಅದನ್ನು ಗಾಳಿಯ ಕೈಗೆ ಕೊಡಬಾರದು. ಸ್ಟ್ಯಾಂಡಿಗೆ ಒಂದು ಮೀಟರ್ ಉದ್ದದ ನುಣುಪು ಕಂಬಿಯನ್ನು ನೇರ ನಿಲ್ಲಿಸಿ, ಬಾಟಲಿಗೆ ಮೇಲೊಂದು ಕೆಳಗೊಂದು ಸ್ಟ್ರಾ ತುಂಡು ಅಂಟಿಸಿ, ಕಂಬಿಗೆ ಪೋಣಿಸಿ. ಸ್ಟ್ರಾ ಸಡಿಲವಾಗಿ ಜಾರಬೇಕು. ಕಂಬಿಯ ತುದಿಗೆ ಬಿರಡೆ ಚುಚ್ಚಿ ಇಡಿ, ಕಣ್ಣಿಗೆ ಚುಚ್ಚೀತು. ಹಾರಿಸುವಾಗ ಮಾತ್ರ ತೆಗೆಯಿರಿ. ನೀರು ತುಂಬಿರುವಾಗ ಭಾರದ ನಡು ಕೆಳಗೆ ಇಳಿದಿರುತ್ತದೆ, ರಾಕೆಟ್ ಅತಿ ದುರ್ಬಲವಾಗಿರುವ ಹೊತ್ತು ಅದೇ. ಆ ಗಳಿಗೆಯನ್ನು ಕಂಬಿ ಕಾಯುತ್ತದೆ.

ಮೊದಲ ಹಾರಾಟ ಯಾವಾಗಲೂ ನೆಟ್ಟಗೆ. ಯಾವ ಕಡೆಗೆ ಎಷ್ಟು ಬಾಗಿತು ನೋಡಿ. ಗಾಳಿಗೆ ಎದುರು ಬಾಗಿದರೆ ಎರಡನೇ ಸಲ ಸ್ಟ್ಯಾಂಡನ್ನು ಗಾಳಿ ಹೋಗುವ ಕಡೆಗೆ ಬರೀ 5 ಡಿಗ್ರಿ ವಾಲಿಸಿ. ಗಾಳಿಯೊಂದಿಗೆ ತೇಲಿಹೋದರೆ ಅದಕ್ಕೆ ಉಲ್ಟಾ. ಜನ ಗಾಳಿ ಬರುವ ಕಡೆಯೂ ಬೇಡ, ಹೋಗುವ ಕಡೆಯೂ ಬೇಡ. ಗಾಳಿಗೆ ಅಡ್ಡವಾಗಿ ಎಡಕ್ಕೋ ಬಲಕ್ಕೋ ನಿಲ್ಲಲಿ.

ದೊಡ್ಡ ರಾಕೆಟ್ಟುಗಳಿಗೂ ಗಾಳಿಯ ಕಾಟ ಇದ್ದದ್ದೇ, ಅವುಗಳ ಪಾಡು ಇನ್ನೂ ಕಷ್ಟದ್ದು. ಏರುತ್ತಾ ವೇಗ ಹೆಚ್ಚುತ್ತದೆ, ಗಾಳಿ ತೆಳುವಾಗುತ್ತದೆ. ಐದೂವರೆ ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲದಲ್ಲಿರುವುದರ ಅರ್ಧ. ಈ ಎರಡರ ಜಗ್ಗಾಟದಲ್ಲಿ, ಹೊರಟು ಸುಮಾರು ಒಂದು ನಿಮಿಷದ ಹೊತ್ತಿಗೆ, 10ರಿಂದ 15 ಕಿ.ಮೀ. ಎತ್ತರದಲ್ಲಿ ರಾಕೆಟ್ ಮೇಲೆ ಎದುರುಗಾಳಿಯ ಒತ್ತು (ಬೈಕಿನಲ್ಲಿ ಅಂಗೈಗೆ ತಾಗಿದಂಥದ್ದು) ತುತ್ತತುದಿಗೆ ಹೋಗುತ್ತದೆ. ಅದನ್ನು ಮ್ಯಾಕ್ಸ್-ಕ್ಯೂ ಅನ್ನುತ್ತಾರೆ. ಅಮೆರಿಕದ ಸ್ಪೇಸ್ ಶಟಲ್ ಆ ಹೊತ್ತಿಗೆ ಎಂಜಿನ್ನಿನ ಜೋರು ತಗ್ಗಿಸಿಕೊಳ್ಳುತ್ತಿತ್ತು. ಗಗನಯಾನಿಗಳನ್ನು ಪಾರುಮಾಡುವ ವ್ಯವಸ್ಥೆಯನ್ನು ಇಸ್ರೋ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಪರೀಕ್ಷೆ ಮಾಡಿದ್ದೂ ಸುಮಾರು 12 ಕಿ.ಮೀ. ಎತ್ತರದಲ್ಲಿ, ಶಬ್ದಕ್ಕಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ. ಅದೇ ಎತ್ತರದಲ್ಲಿ ಜೋರು ಅಡ್ಡಗಾಳಿ ಇದ್ದರೆ ಉದ್ದ ತೆಳು ರಾಕೆಟ್ ಬಾಗುತ್ತದೆ. 70 ಮೀಟರ್ ಎತ್ತರ ಇದ್ದು ಬರೀ 3.7 ಮೀಟರ್ ಅಡ್ಡಳತೆ ಇರುವ, ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟನ್ನು, ನೆಲದಲ್ಲಿ ಎಲೆ ಅಲ್ಲಾಡದ ದಿನವೂ ಮೇಲಿನ ಗಾಳಿಯ ಕಾರಣಕ್ಕೆ ಮುಂದಕ್ಕೆ ಹಾಕಿದ್ದುಂಟು. ಅದಕ್ಕೇ ಹಾರಿಸುವ ಮುಂಚೆ ಬಲೂನು ಬಿಟ್ಟು ಮೇಲಿನ ಗಾಳಿ ಅಳೆಯುತ್ತಾರೆ. ದಾರಿ ತಿದ್ದಿಕೊಳ್ಳುವ ಯಂತ್ರ ಇಲ್ಲದ ಚಿಕ್ಕ ರಾಕೆಟ್ ಆದರೆ, ಆ ಅಳತೆ ನೋಡಿ ಉಡಾವಣಾ ಕಂಬಿಯನ್ನೇ ತಿರುಗಿಸಿ ವಾಲಿಸುತ್ತಾರೆ. ನಮ್ಮ 5 ಡಿಗ್ರಿಯ ಹಾಗೆಯೇ.

1963ರ ನವೆಂಬರ್ 21ರ ಸಂಜೆ ಕೇರಳದ ತಿರುವನಂತಪುರದ ಹತ್ತಿರದ ತುಂಬಾ ಎಂಬ ಊರಿನಿಂದ ಹಾರಿದ ಮೊದಲ ರಾಕೆಟ್ ಸೋಡಿಯಂ ಆವಿ ಹೊತ್ತಿತ್ತು. ಮೇಲೆ ಚೆಲ್ಲಿದ ಆ ಆವಿ ಹೇಗೆ ಸರಿಯುತ್ತದೆ ಅಂತ ನೋಡಿ ಎತ್ತರದ ಗಾಳಿಯನ್ನು ತಿಳಿಯುವುದು ಉದ್ದೇಶ. ಆಮೇಲೆ ಬಂದ ನಮ್ಮದೇ ಆರ್‌ಎಚ್-200 ರಾಕೆಟ್ಟುಗಳು ತಾಮ್ರದ ಸಣ್ಣ ಎಳೆಗಳನ್ನು ಮೇಲೆ ಉದುರಿಸುತ್ತಿದ್ದವು, ರಾಡಾರ್ ಅವು ತೇಲುವ ದಾರಿ ಹಿಡಿಯುತ್ತಿತ್ತು. ಕಣದಲ್ಲಿ ಹೊಟ್ಟು ತೂರಿ ಗಾಳಿಯ ದಿಕ್ಕು ನೋಡಿದ ಹಾಗೆ. ಇದನ್ನು ಮಕ್ಕಳಿಗೆ ಹೇಳಿದಾಗ ಅವರ ಕಣ್ಣು ಅರಳಿದ್ದು ನನಗೆ ಇನ್ನೂ ನೆನಪಿದೆ.

ಹೆಜ್ಜೆ 8: ಎತ್ತರ ಅಳೆಯಿರಿ, ಗಾಳಿಗೆ ಅಡ್ಡ ನಿಂತು

ಕೋನಮಾಪಕಕ್ಕೆ ದಾರ, ದಾರಕ್ಕೆ ಒಂದು ಕಲ್ಲು, ನೇರ ಅಂಚಿಗೆ ಒಂದು ಸ್ಟ್ರಾ. ಸ್ಟ್ರಾದೊಳಗಿಂದ ರಾಕೆಟ್ ತುದಿ ಮುಟ್ಟಿದ ಜಾಗ ನೋಡಿ ದಾರ ಹಿಡಿದು ನಿಲ್ಲಿಸಿ. ದಾರ ತೋರಿಸುವ ಅಂಕಿ 90ರಿಂದ ಎಷ್ಟು ಸರಿದಿದೆಯೋ ಅಷ್ಟು ಕೋನ. ಸ್ಟ್ಯಾಂಡಿನಿಂದ 30 ಮೀಟರ್ ದೂರ ನಿಂತು 45 ಡಿಗ್ರಿ ಕಂಡರೆ ಎತ್ತರ 30 ಮೀಟರ್, ಅದಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿ. ಬೇರೆ ಕೋನಕ್ಕೆ ದೂರವನ್ನು ಆ ಕೋನದ ಟ್ಯಾನ್ ಬೆಲೆಯಿಂದ (ಕ್ಯಾಲ್ಕುಲೇಟರಿನ tan) ಗುಣಿಸಿ.

ಎಲ್ಲಿ ನಿಲ್ಲುತ್ತೀರಿ ಅನ್ನುವುದರಲ್ಲಿ ಗುಟ್ಟಿದೆ. ರಾಕೆಟ್ 30 ಮೀಟರ್ ಏರಿ, ಗಾಳಿಯಿಂದ 8 ಮೀಟರ್ ನಿಮ್ಮ ಕಡೆಗೇ ಸರಿದು ಬಂತು ಅಂತ ಇಟ್ಟುಕೊಳ್ಳಿ. ನಿಮ್ಮ ಲೆಕ್ಕ 41 ಮೀಟರ್ ತೋರಿಸುತ್ತದೆ! ಸುಳ್ಳು ದಾಖಲೆ. ಅದೇ ನೀವು ಗಾಳಿಗೆ ಅಡ್ಡವಾಗಿ ನಿಂತಿದ್ದರೆ, 8 ಮೀಟರ್ ಸರಿದರೂ ಲೆಕ್ಕ 29 ಮೀಟರ್ ಬರುತ್ತದೆ. ಒಂದೇ ಮೀಟರ್ ತಪ್ಪು. ಒಂದು ಕೈ ರಿಬ್ಬನ್ ತೋರಿಸುವ ದಿಕ್ಕಿಗೆ, ಇನ್ನೊಂದು ಕೈ ಅದಕ್ಕೆ ಎದುರು ದಿಕ್ಕಿಗೆ ಚಾಚಿ ನಿಂತು, ಮುಖ ಯಾವ ಕಡೆಗಿದೆಯೋ ಆ ಕಡೆಗೆ 30 ಮೀಟರ್ ಅಳೆದು ಹೋಗಿ. ಅದೇ ನಿಮ್ಮ ಜಾಗ.

ಹೆಜ್ಜೆ 9: ಪ್ಯಾರಾಚೂಟ್ ಹಾಕುವುದಾದರೆ

ಇಲ್ಲಿ ಗಾಳಿ ಲೆಕ್ಕ ಪೂರ್ತಿ ತಿರುಗುತ್ತದೆ. ಏರುವಾಗ ರಾಕೆಟ್ ಗಾಳಿಗೆ ಎದುರು ಹೋಗಬಹುದು, ಇಳಿಯುವಾಗ ಪ್ಯಾರಾಚೂಟ್ ಗಾಳಿಯ ಜೊತೆಯೇ ಹೋಗುತ್ತದೆ. 30 ಮೀಟರ್ ಎತ್ತರದಿಂದ ಸೆಕೆಂಡಿಗೆ 3 ಮೀಟರ್ ಇಳಿದರೆ 10 ಸೆಕೆಂಡು ತೇಲುತ್ತದೆ. ಸೆಕೆಂಡಿಗೆ 4 ಮೀಟರ್ ಗಾಳಿ ಇದ್ದರೆ 40 ಮೀಟರ್ ದೂರ ಹೋಯಿತು. ಹಾಗಾಗಿ ಸ್ಟ್ಯಾಂಡನ್ನು ಮೈದಾನದ ನಡುವೆ ಇಡಬೇಡಿ, ಗಾಳಿ ಬರುವ ಅಂಚಿನ ಹತ್ತಿರ ಇಡಿ, ಆದರೆ ಆ ಅಂಚಿನಿಂದಲೂ 20 ಮೀಟರ್ ಬಿಡಿ. ಕರೆಂಟ್ ತಂತಿ, ರಸ್ತೆ, ಬಾವಿ ಯಾವುದೂ ಗಾಳಿ ಹೋಗುವ ದಿಕ್ಕಿನಲ್ಲಿ ಇರಬಾರದು. ತಂತಿಗೆ ಸಿಕ್ಕಿದ ರಾಕೆಟ್ ಅಲ್ಲೇ ಇರಲಿ, ಕೋಲು ಹಾಕಿ ತೆಗೆಯಲು ಯಾರನ್ನೂ ಬಿಡಬೇಡಿ.

ತೆಳು ಪ್ಲಾಸ್ಟಿಕ್ ಹಾಳೆಯ ಪ್ಯಾರಾಚೂಟಿನ ನಡುವೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ. ಗಾಳಿ ಅದರಲ್ಲಿ ನೇರ ಹಾದುಹೋಗುವುದರಿಂದ ತೂಗಾಡುವುದು ನಿಲ್ಲುತ್ತದೆ, ಸ್ವಲ್ಪ ಬೇಗ ಇಳಿಯುವುದರಿಂದ ದೂರ ತೇಲುವುದೂ ಕಡಿಮೆ.

ಬರೆದಿಡಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹಾರಾಟಕ್ಕೂ ಒಂದು ಸಾಲು: ಹೊತ್ತು, ರಿಬ್ಬನ್ ಹೇಗಿತ್ತು, ನೀರು ಎಷ್ಟು, ಒತ್ತಡ ಎಷ್ಟು, ಖಾಲಿ ತೂಕ, ಎರಡು ನಡುಗಳ ಅಂತರ, ಎತ್ತರ, ಎಲ್ಲಿ ಬಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ರೆಕ್ಕೆಯನ್ನೂ ತೂಕವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ರಾಕೆಟ್ಟನ್ನು ಏನೂ ಬದಲಿಸದೆ ಮೂರು ಸಲ ಹಾರಿಸಿ, ಮೂರರ ಸರಾಸರಿ ಬರೆಯಿರಿ. ಹತ್ತು ಹನ್ನೆರಡು ಹಾರಾಟ ಆದ ಬಾಟಲಿಯನ್ನು ಗೀರು ಇಲ್ಲದಿದ್ದರೂ ತೆಗೆದಿಟ್ಟು, ಅದರ ರೆಕ್ಕೆ, ಮೂತಿ ಬಿಚ್ಚಿ ಹೊಸ ಬಾಟಲಿಗೆ ಹಾಕಿ. ಹಾಕಿದ ಮೇಲೆ ಭಾರದ ನಡುವನ್ನು ಮತ್ತೆ ದಾರ ಕಟ್ಟಿಯೇ ನೋಡಿ, ಹಳೇ ಗೆರೆಯನ್ನು ನಂಬಬೇಡಿ.